ಯಾನ್ ಜುನ್ ಕೋಟೆ ಬಿಡುವುದಿಲ್ಲ

ಕೊಲ್ಹಾಪುರದ ಗೇಮಿಂಗ್ ಕೆಫೆಯ ಮೆಟ್ಟಿಲ ಮೇಲೆ ನಿಂತು ವೃಷಾಲಿ ಹುಡುಕುತ್ತಿದ್ದುದು ಒಬ್ಬ ಬಡಪಾಯಿ ನೇಕಾರ ಹುಡುಗನನ್ನು. ನಿದ್ದೆಗೆಟ್ಟ ಕಣ್ಣು, ಅಂಗಿಗೆ ಅಂಟಿದ ಹತ್ತಿಯ ಧೂಳು, ಇಷ್ಟಿದ್ದರೆ ಅವನೇ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

ಬಂದವನು ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ. ಕಣ್ಣು ತಿಳಿಯಾಗಿದ್ದವು.

"ಯಾನ್ ಜುನ್ ಅಂದ್ರ ನೀವೇನ್ರಿ?"

ದನಿ ಮಾತ್ರ ಅದೇ. ಎಂಟು ತಿಂಗಳು ಹೆಡ್‌ಫೋನಿನಲ್ಲಿ ಕೇಳಿದ ದನಿ.

"ಹೌದ್ರಿ. ನೀವು ವೈಭವ?"

"ಹೂಂ. ನೀವು ಇಷ್ಟ್ ಸಣ್ಣಾವ್ರು ಅಂದ್ಕೊಂಡಿರಲಿಲ್ರಿ. ಆಟದಾಗ ಬೈಯೂದು ನೋಡಿ ಎತ್ತರಾ ಇರಬೇಕು ಅಂತಿದ್ದೆ."

"ಬೈಸ್ಕೊಳ್ಳಾವ್ರು ತಲಿ ತಗ್ಗಿಸಿದ್ರ ಬೈಯಾವ್ರು ಎತ್ತರಾನ ಕಾಣ್ತಾರ್ರಿ."

ಅವನು ನಕ್ಕ. ರವಿವಾರವಲ್ಲವೇ, ನಿದ್ದೆ ಮಾಡಿ ಬಂದಿದ್ದಾನೆ ಎಂದುಕೊಂಡು ಅವಳು ಒಳಗೆ ನಡೆದಳು.

ಇಬ್ಬರನ್ನು ಕೂಡಿಸಿದ್ದು 'ಏಳು ನದಿಗಳ ಯುದ್ಧ'. ಚೀನಾದ ಹಳೆಯ ರಾಜರ ಕಾಲದ ಆಟ. ಜೋಡಿಯಾಗಿ ಆಡಬೇಕು, ಒಬ್ಬೊಬ್ಬರು ಒಬ್ಬ ಸೇನಾಪತಿಯನ್ನು ಆರಿಸಿಕೊಳ್ಳಬೇಕು. ವೈಭವನ ಸೇನಾಪತಿಗೆ ಮುನ್ನೂರು ಕುದುರೆ. ವೃಷಾಲಿಯ ಯಾನ್ ಜುನ್ ಗಡಿಕೋಟೆ ಕಾಯುವ ಹೆಣ್ಣು. ಕುದುರೆಯಿಲ್ಲ, ಕೈಯಲ್ಲಿರುವ ಈಟಿಯೂ ಗಿಡ್ಡ. ಕೋಟೆಗೋಡೆಯ ಮೇಲೆ ನಿಂತಷ್ಟು ಹೊತ್ತು ಅವಳ ಬಲ ಏರುತ್ತದೆ. ಒಂದು ಹೆಜ್ಜೆ ಕೆಳಗಿಳಿದರೆ ಅಷ್ಟೂ ಹೋಯಿತು. ಹಾಗಾಗಿ ಅವಳನ್ನು ಯಾರೂ ಮೂಸಿ ನೋಡುವುದಿಲ್ಲ. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ದಿನಕ್ಕೆ ಹತ್ತು ತಾಸು ನಿಂತು ಬಟ್ಟೆಯ ತಪ್ಪು ಹುಡುಕುವ ವೃಷಾಲಿಗೆ ನಿಲ್ಲುವುದೇನು ಹೊಸದೇ? ಮೊದಲ ದಿನವೇ ಅವಳನ್ನು ಆರಿಸಿದ್ದಳು.

ಶೆಡ್ಡಿನಿಂದ ಬಂದು ಐದರಿಂದ ಆರರವರೆಗೆ ಆಡುತ್ತಿದ್ದಳು. ಆರು ಹೊಡೆಯಿತೋ ಇಲ್ಲವೋ ವೈಭವ, "ಹೊತ್ತಾತ್ರಿ, ನಾ ಹೊಂಟೆ" ಎನ್ನುತ್ತಿದ್ದ. ಆಮೇಲೆ ಅವನ ಸುಳಿವೇ ಇಲ್ಲ. ಅದೇ ಹೊತ್ತಿಗೆ ಅವಳ ಓಣಿಯ ಗಂಡಸರು ಬುತ್ತಿ ಹಿಡಿದು ನೈಟ್ ಶಿಫ್ಟಿಗೆ ಹೊರಡುತ್ತಿದ್ದರು. ವೈಭವನ ಊರಾದ ದತ್ತವಾಡದಿಂದ ಬೈಕ್ ಹತ್ತಿ ಇಚಲಕರಂಜಿಯ ಮಗ್ಗಕ್ಕೆ ಬರುವವರು ಎಷ್ಟಿಲ್ಲ! ಇವನೂ ಅವರಲ್ಲೊಬ್ಬ ಎಂದು ಅವಳು ತೀರ್ಮಾನಿಸಿದಳು. ಪಾಪ, ಎಂಟು ತಿಂಗಳು ಕಾಯಂ ನೈಟ್. ಯಾಕೆ ಎಂದು ಅವಳ ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯ ತ್ರಾಸು ಕೆದಕಿದಂತೆ. ಕೇಳದೆಯೇ ಮರುಗಿದಳು, ಮರುಗುತ್ತಲೇ ಮನಸ್ಸು ಕೊಟ್ಟಳು.

ಅವ್ವ ಶಿವವ್ವನ ಮುಂದೆ ಅದನ್ನೂ ಹೇಳಿದ್ದಳು. ಗಡಹಿಂಗ್ಲಜದ ಬಟ್ಟೆ ಅಂಗಡಿಯ ಹುಡುಗನ ಕಡೆಯವರು ಅವಳನ್ನು ನೋಡಿ ಒಪ್ಪಿ ಉತ್ತರಕ್ಕೆ ಕಾಯುತ್ತಿದ್ದರು.

"ನಮ್ಮಂಗ ಮಗ್ಗದ ಮಂದಿ ಅಂದ್ರ ನೋಡೂಣು," ಎಂದಿದ್ದಳು ಶಿವವ್ವ. "ಆರೂವರಿಗೆ ಫೋನ್ ಮಾಡ್ತೀನಿ. ಅಷ್ಟ್ರಾಗ ಅವನ ಬಾಯಿಂದ ಹೂಂ ಅನಿಸು. ಇಲ್ಲಾಂದ್ರ ಗಡಹಿಂಗ್ಲಜಕ್ಕ ನಾ ಹೂಂ ಅಂತೀನಿ."

ಅನಿಸಿಯೇ ತೀರುತ್ತೇನೆ ಎಂದು ಕೊಲ್ಹಾಪುರದ ಈ ಪಂದ್ಯಕ್ಕೆ ಹೊರಟು ಬಂದಿದ್ದಳು ವೃಷಾಲಿ.

ನಾಲ್ಕು ಜೋಡಿಗಳನ್ನು ಸೋಲಿಸಿ ಫೈನಲ್‌ಗೆ ಬಂದಾಗ ಐದೂ ಮುಕ್ಕಾಲು. ಎದುರಿಗೆ ಸಾಂಗಲಿಯ ಜೋಡಿ. ಆಟ ಬಿಸಿಯೇರಿದಾಗ ವೈಭವ ಕಿಟಕಿಯ ಕಡೆ ನೋಡಿದ. ಮತ್ತೆ ನೋಡಿದ. ಕೊನೆಗೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದ.

"ಈಗ ಉಣ್ತೀರೇನ್ರಿ?" ಎಂದಳು ವೃಷಾಲಿ.

"ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ಲಲ್ರಿ."

"ನಾವು ಅಂದ್ರ?"

"ಜೈನರು."

ಅವಳ ಬೆರಳು ಮೌಸಿನ ಮೇಲೆ ನಿಂತುಬಿಟ್ಟಿತು. "ಹಂಗಾರ ದಿನಾ ಆರಕ್ಕ ಹೋಗೂದು..."

"ಊಟಕ್ಕ. ಆಮ್ಯಾಲೆ ನಮ್ಮ ಅಜ್ಜಿ ಫೋನ್ ಮುಟ್ಟಾಕ ಕೊಡಂಗಿಲ್ಲ. ನೀವೇನ್ ತಿಳ್ಕೊಂಡಿದ್ರಿ?"

"ನೈಟ್ ಶಿಫ್ಟ್."

ಅವನಿಗೆ ನಗು ತಡೆಯಲಿಲ್ಲ. "ಅದಕ್ಕ 'ನಿದ್ದಿಗಣ್ಣಾಗ ಮಶೀನ್ ಹಂತ್ಯಾಕ ಹೋಗಬ್ಯಾಡ್ರಿ' ಅಂತಿದ್ರೇನು? ನಾ ಕಬ್ಬಿಗೆ ನೀರ್ ಬಿಡೂ ಮೋಟಾರ್ ಬಗ್ಗೆ ಅಂತೀರಂತ ತಿಳ್ಕೊಂಡಿದ್ದೆ."

ಅವಳು ನಗಲಿಲ್ಲ. ಜೈನರ ಮನೆ, ಕಬ್ಬಿನ ಹೊಲ. ಮಗ್ಗದ ಮಂದಿಯಾಗಿರಬೇಕು ಎಂಬ ಅವ್ವನ ಷರತ್ತು ಇವನ ಡಬ್ಬಿಯ ಮುಚ್ಚಳದ ಜೊತೆಗೇ ಕಳಚಿಬಿದ್ದಿತ್ತು. ತನ್ನ ಮೇಲೆ ತನಗೇ ಸಿಟ್ಟು ಬಂತು. ಎಂಟು ತಿಂಗಳು ಮರುಗಿದ್ದೆಲ್ಲ ವ್ಯರ್ಥ. ಆದರೆ ಮರುಕ ಹೋದ ಮೇಲೂ ಪ್ರೀತಿ ಹೋಗಿದೆಯೇ ಎಂದು ನೋಡಿಕೊಂಡಳು. ಹೋಗಿರಲಿಲ್ಲ.

ಅವಳ ಮುಖ ನೋಡಿ ವೈಭವ ಡಬ್ಬಿ ಮುಚ್ಚಿದ. "ಇರ್ಲಿ ಬಿಡ್ರಿ. ಇವತ್ತ ಉಪಾಸ ಇರ್ತೀನಿ. ಆಟ ಮುಗಸೂಣು."

"ಉಣ್ರಿ."

"ಒಬ್ರಿಗೆ ಆಗಂಗಿಲ್ರಿ. ಇನ್ನಾ ಇಪ್ಪತ್ ನಿಮಿಷ ಐತಿ."

"ಆಗೂದು ಬಿಡೂದು ನಾ ನೋಡ್ಕೋತೀನಿ. ಮನ್ಯಾಗ ಕಲ್ಸಿದ್ದು ಒಂದ್ ಆಟದ ಸಲುವಾಗಿ ಬಿಡ್ತೀರೇನು? ಉಣ್ರಿ ಸುಮ್ಮ."

ಅವನು ಕುರ್ಚಿ ಹಿಂದಕ್ಕೆಳೆದು ಕೂತ. ಸಾಂಗಲಿಯವರು ಉತ್ತರದ ಬಾಗಿಲು ಮುರಿದರು. ಪೂರ್ವದ ಬುರುಜಿಗೆ ಬೆಂಕಿಯಿಟ್ಟರು. ಕೆಳಗೆ ಧಾನ್ಯದ ಬಂಡಿಗಳನ್ನು ಕಾವಲಿಲ್ಲದೆ ನಿಲ್ಲಿಸಿ ಆಸೆ ತೋರಿಸಿದರು. ಯಾನ್ ಜುನ್ ಇಳಿಯಲಿಲ್ಲ. ಗಿಡ್ಡ ಈಟಿ ಹಿಡಿದು ಗೋಡೆಯ ಮೇಲೆ ನಿಂತೇ ಇದ್ದಳು.

ಸ್ಕ್ರೀನಿನ ಕಪ್ಪು ಅಂಚಿನಲ್ಲಿ ವೃಷಾಲಿಗೆ ಹಿಂದಿನದು ಮಸುಕಾಗಿ ಕಾಣುತ್ತಿತ್ತು. ರೊಟ್ಟಿಯ ತುಣುಕು ಬಾಯಿಯ ಹತ್ತಿರ ಬಂದು ನಿಂತಿದೆ. ಅವನು ನೋಡುತ್ತಿರುವುದು ಕೋಟೆಯನ್ನಲ್ಲ, ಹೆಡ್‌ಫೋನಿನಿಂದ ಬಿಚ್ಚಿ ಅವಳ ಕತ್ತಿಗೆ ಜಾರಿದ ಕೂದಲನ್ನು. ಅವಳ ಕಿವಿ ಬಿಸಿಯಾಯಿತು.

"ನನ್ನ ನೋಡಿದ್ರ ಹೊಟ್ಟಿ ತುಂಬಂಗಿಲ್ರಿ," ಎಂದಳು ತಿರುಗದೆ. "ಹೊತ್ತು ಮುಳುಗಾಕತ್ತೈತಿ."

"ಮುಳುಗ್ಲಿ ಅನಸಾಕತ್ತೈತ್ರಿ."

ಇಷ್ಟು ಮೆಲ್ಲಗೆ ಅವನು ಎಂದೂ ಮಾತಾಡಿರಲಿಲ್ಲ. ಈಟಿಯ ಒಂದು ತಿವಿತ ಗುರಿತಪ್ಪಿ ಎತ್ತಲೋ ಹೋಯಿತು.

ಆಟ ಮುಗಿಯುವ ಗಂಟೆ ಬಾರಿಸಿದಾಗ ಕೋಟೆ ಉಳಿದಿತ್ತು. ಆದರೆ ಸುತ್ತಲಿನ ಹಳ್ಳಿಗಳನ್ನೆಲ್ಲ ಗೆದ್ದು ಹೆಚ್ಚು ಅಂಕ ಗಳಿಸಿದ್ದ ಸಾಂಗಲಿಯವರಿಗೆ ಕಪ್ ಹೋಯಿತು. ವೃಷಾಲಿ ಅತ್ತ ನೋಡಲೂ ಇಲ್ಲ. ಆರೂ ಇಪ್ಪತ್ತೈದು. ವೈಭವನನ್ನು ಹೊರಗೆ ಕರೆದುಕೊಂಡು ಬಂದಳು.

"ಐದ್ ನಿಮಿಷದಾಗ ನಮ್ಮವ್ವ ಫೋನ್ ಮಾಡ್ತಾಳ. ನೀವು ಮಗ್ಗದ ಮಂದಿ ಅಂತ ಹೇಳೀನಿ, ಅದು ನನ್ನ ತಪ್ಪು. ನಿಮ್ಮನ್ನ ಮದಿವ್ಯಾಗ್ತೀನಿ ಅಂತ ಹೇಳೀನಿ, ಅದು ತಪ್ಪಲ್ಲ. ನಿಮಗ ಮನಸಿಲ್ಲಂದ್ರ ಈಗ ಹೇಳ್ರಿ. ಗಡಹಿಂಗ್ಲಜಕ್ಕಂತೂ ನಾ ಹೋಗಂಗಿಲ್ಲ."

ವೈಭವ ಡಬ್ಬಿಯ ಚೀಲವನ್ನು ಮೆಟ್ಟಿಲ ಮೇಲಿಟ್ಟ.

"ಮನಸ ಐತ್ರಿ," ಎಂದ. "ನೀವು ನನ್ನ ಬೈದ ಮೊದಲನೇ ದಿನದಿಂದ ಐತಿ. ಆದ್ರ ನಮ್ಮಪ್ಪ ಬಾಬಾಸಾಹೇಬರು ಭಾಳ ಬಿಗಿ. ಅವರಿಗೆ ಹೇಳಾಕ ಧೈರ್ಯ..."

ಫೋನ್ ಬಡಿಯಿತು. ವೃಷಾಲಿ ಸ್ಪೀಕರ್ ಹಚ್ಚಿದಳು.

"ಅವ್ವಾ, ಅವ್ರು ಮಗ್ಗದವ್ರಲ್ಲ. ದತ್ತವಾಡದ ಜೈನರು. ಕಬ್ಬಿನ ಹೊಲ ಐತಿ. ಆದ್ರೂ ನನಗ ಅವ್ರ ಬೇಕು."

ಅತ್ತಲಿಂದ ಬೈಗುಳವೇ ಬಂತು.

"ಹುಚ್ಚಿ," ಎಂದಳು ಶಿವವ್ವ. "ಅವ್ರ ಮನ್ಯಾಗ ನಿನ್ನ ಹೊಸ್ತಿಲದಾಗ ನಿಂದ್ರಿಸ್ತಾರ."

"ನಿಂದರ್ತೀನಿ. ಎಷ್ಟ್ ದಿನಾ ಆದ್ರೂ."

ವೈಭವ ಅವಳ ಕೈಯಿಂದ ಫೋನ್ ತೆಗೆದುಕೊಂಡ. ಬೆರಳು ಬೆರಳಿಗೆ ತಗುಲಿದವು, ಅವನು ಬಿಡಲಿಲ್ಲ.

"ಅವ್ವಾರ, ನಾ ವೈಭವ್ರಿ. ನಮ್ಮಪ್ಪ ಒಪ್ಪಿದಾರಂತ ಸುಳ್ಳ ಹೇಳಂಗಿಲ್ರಿ. ಇನ್ನಾ ಹೇಳೇ ಇಲ್ಲ. ಆದ್ರ ಇವರೊಬ್ಬರನ್ನ ಹೊಸ್ತಿಲದಾಗ ನಿಂದರಾಕ ಬಿಡಂಗಿಲ್ರಿ. ನಿಂತ್ರ ಇಬ್ರೂ ನಿಂದರ್ತೀವಿ."

ಶಿವವ್ವನ ದನಿ ಮೆತ್ತಗಾಯಿತು. "ನಾಳೆ ಸಂಜೀಕ ಬರ್ರಿ. ಕದ್ದು ಬರಬ್ಯಾಡ್ರಿ, ನಿಮ್ಮಪ್ಪಾರಿಗೆ ಹೇಳಿ ಬರ್ರಿ. ಏ ವೃಷಾಲಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಏನ್ ಅಡಿಗಿ ಮಾಡಬೇಕಂತ ಕೇಳ್ಕೊಂಡ್ ಬಾ."

ವೃಷಾಲಿಯ ಕಣ್ಣು ತುಂಬಿದವು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ವೈಭವ ತನ್ನ ಫೋನ್ ತೆಗೆದ. ಅಪ್ಪನ ನಂಬರ್ ಒತ್ತಿದ.

"ಅಪ್ಪಾ, ನಾಳೆ ಸಂಜೀ ಊಟಕ್ಕ ನನ್ನ ಹಾದಿ ನೋಡಬ್ಯಾಡ್ರಿ. ಇಚಲಕರಂಜಿಯೊಳಗ ಹುಡುಗೀ ಮನ್ಯಾಗ ಉಣ್ತೀನಿ."

"ಯಾವ ಹುಡುಗಿ?" ಎಂದಿತು ಅತ್ತಲಿನ ಗಡಸು ದನಿ.

"ಹೇಳ್ತೀನ್ರಿ. ಎಲ್ಲಾ ಹೇಳ್ತೀನಿ," ಎಂದು ವೈಭವ ಅವಳ ಮಗ್ಗುಲಲ್ಲಿ ಕೂತು, ಅವಳ ಕೈ ಹಿಡಿದುಕೊಂಡು ಹೇಳತೊಡಗಿದ.