ಲಂಡನ್ ಮೇಷ್ಟ್ರ ಅಕ್ರಮ ಬಂಧನ

ಶನಿವಾರ ಮಧ್ಯಾಹ್ನ ಒಂದೂವರೆಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಷ್ಟರಲ್ಲಿ ಮೀಸೆ ದಫೇದಾರರಿಗೆ ಸಾಕುಸಾಕಾಯಿತು. ದೂರುದಾರರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅದೂ ಲಂಡನ್ನಿನ ಇಂಗ್ಲಿಷಿನಲ್ಲಿ. ಕೊನೆಗೆ ದಫೇದಾರರು ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ್ ಮೇಡಂ ಬಾಗಿಲಿಗೆ ಬಂದರು.

"ಮೇಡಂ, ನಮ್ಮ ಲಂಡನ್ ಮೇಷ್ಟ್ರನ್ನ ಯಾರೋ ಕೂಡಿಹಾಕಿದ್ರಂತೆ. ಮಿಕ್ಕಿದ್ದು ನನ್ನ ತಲೆಗೆ ಹತ್ತಲಿಲ್ಲ."

ಲಂಡನ್ ಮೇಷ್ಟ್ರು ಊರಿಗೆಲ್ಲ ಗೊತ್ತು. ಆರು ತಿಂಗಳು ಅಲ್ಲಿದ್ದು ಬಂದು, ಮನೆಯ ಕೆಳಗಿನ ಕೋಣೆಗಳಲ್ಲಿ ಇಂಗ್ಲಿಷ್ ಉಚ್ಚಾರಣೆಯ ತರಗತಿ ನಡೆಸುವವರು. ಇನ್ಸ್‌ಪೆಕ್ಟರ್ ಕೂರಿಸಿ ನೀರು ಕೊಟ್ಟ ಮೇಲೆ ಅವರು ಮನೆಮಾತಿಗೆ ಇಳಿದರು.

ಬೆಳಗ್ಗೆ ಒಂದು ಪಾಠ ರೆಕಾರ್ಡ್ ಮಾಡಿಬಿಡೋಣವೆಂದು ಧ್ವನಿಕೋಣೆಗೆ ಹೋಗಿದ್ದರು. ಒಳಗಿನ ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಮೆತ್ತೆ ಬಡಿದ ಪುಟ್ಟ ಕೋಣೆ. ಮೊಬೈಲು ಹೊರಗಿತ್ತು. ಯಾರೋ ಹೊರಗಿನಿಂದ ಚಿಲಕ ಜಡಿದರು. ಗಂಟಲು ಹರಿಯುವಂತೆ ಕೂಗಿದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಗಂಟೆಯ ಮೇಲಾದಾಗ ಸುಮ್ಮನೆ ತಳ್ಳಿ ನೋಡಿದರೆ ಚಿಲಕ ತೆಗೆದಿತ್ತು!

"ಯಾರ ಮೇಲೆ ಅನುಮಾನ?"

"ಅನುಮಾನ ಏನು, ಖಾತ್ರಿ. ಎದುರು ಬೀದಿ ಅಮೆರಿಕಾ ಮೇಷ್ಟ್ರು."

"ಅವರಿಗೇನು ದ್ವೇಷ?"

"ಅವನು ಮಕ್ಕಳ ನಾಲಿಗೆ ಹಾಳು ಮಾಡ್ತಿದಾನೆ ಮೇಡಂ. ಒಂದೊಂದು ರ-ಕಾರಾನೂ ಬಾಯೊಳಗೆ ಉರುಳಾಡಿಸ್ತಾನೆ. ಹೇಳಿದ್ದಕ್ಕೆ ನನ್ನ ಮೇಲೆ ಹಲ್ಲು ಮಸೀತಾನೆ."

"ಮನೇಲಿ ಬೇರೆ ಯಾರಿದ್ರು?"

"ಮಹಡಿ ಮೇಲೆ ನಮ್ಮಮ್ಮ. ಮಂಡಿನೋವು, ಕೆಳಗೆ ಇಳಿಯೋದೇ ಇಲ್ಲ. ಮಗಳೂ ಮೇಲೇ ಇದ್ಲು. ಬಂದರಿನಲ್ಲಿ ಹಡಗುಗಳಿಗೆ ರೇಡಿಯೋದಲ್ಲಿ ದಾರಿ ಹೇಳೋ ಕೆಲಸಕ್ಕೆ ಫೋನಲ್ಲೇ ಇಂಟರ್‌ವ್ಯೂ ಇತ್ತು." ಮೇಷ್ಟ್ರ ಮುಖ ಬಾಡಿತು. "ನಾನು ಪಕ್ಕದಲ್ಲಿ ಕೂತು ತಿದ್ದಬೇಕಿತ್ತು. ಎರಡು ಸಲ ಫೇಲಾಗಿದಾಳೆ. ಇದೇ ಕೊನೇ ಅವಕಾಶ, ಅದೂ ಹೋಯ್ತು."

ಅಕ್ರಮ ಬಂಧನದ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಮೊದಲು ಎದುರು ಬೀದಿಗೇ ಹೋದರು.

"ನಿಮಗೂ ಲಂಡನ್ ಮೇಷ್ಟ್ರಿಗೂ ಆಗಲ್ವಂತೆ?"

"ಯಾರಿಗಾಗುತ್ತೆ ಹೇಳಿ? ಗುಡ್ ಮಾರ್ನಿಂಗ್ ಅಂದ್ರೂ ತಿದ್ದಿ ವಾಪಸ್ ಕೊಡ್ತಾರೆ."

"ಬೆಳಗ್ಗೆ ಎಲ್ಲಿದ್ರಿ?"

ತಮ್ಮ ಮೇಷ್ಟ್ರು ಇಲ್ಲೇ ಪಾಠ ಮಾಡುತ್ತಿದ್ದರೆಂದು ತರಗತಿಯ ಮಕ್ಕಳೆಲ್ಲ ಒಕ್ಕೊರಲಿನಿಂದ ಸಾಕ್ಷಿ ಹೇಳಿದರು, ರ-ಕಾರ ಉರುಳಿಸಿಕೊಂಡೇ. ಅಲ್ಲಿಗೆ ಆ ದಾರಿ ಮುಚ್ಚಿತು.

ಮೂರು ಗಂಟೆಗೆ ನೆರೆಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಧ್ವನಿಕೋಣೆಯ ಪಂಚನಾಮೆ ಶುರುವಾಯಿತು. ಒಂದು ಮೇಜು, ಒಂದು ಮೈಕು, ಒಂದು ಕುರ್ಚಿ. ಕುರ್ಚಿಯ ಬೆನ್ನಿಗೆ ದಿಂಬು. ಮೂಲೆಯಲ್ಲಿ ಬಿಸಿನೀರಿನ ಫ್ಲಾಸ್ಕು, ಅದರ ಮುಚ್ಚಳದ ಮೇಲೆ ಹರಿದ ಮಾತ್ರೆಯ ಪೊಟ್ಟಣ.

"ಇವೆಲ್ಲ ನೀವು ತಂದಿದ್ದಾ?"

"ಇಲ್ಲ. ಒಳಗೆ ಸಿಕ್ಕಿಹಾಕಿಕೊಂಡ ಮೇಲೆ ನೋಡಿದೆ. ನನ್ನ ಬಿಪಿ ಮಾತ್ರೆ. ಹೊತ್ತಿಗೆ ಸರಿಯಾಗಿ ತಗೊಂಡೆ."

ಇನ್ಸ್‌ಪೆಕ್ಟರ್ ತುಟಿ ಕಚ್ಚಿ ನಗು ತಡೆದರು. ಬೆನ್ನು ನೋಯದಿರಲೆಂದು ದಿಂಬು ಇಟ್ಟು ಕೂಡಿಹಾಕುವ ಹಗೆಯವನನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಮೈಕು ಅಷ್ಟು ಹೊತ್ತೂ ಚಾಲೂ ಇತ್ತೆಂದು ತಿಳಿದು ಆ ರೆಕಾರ್ಡಿಂಗನ್ನೂ ಹಾಕಿಸಿದರು. ಮೇಷ್ಟ್ರು ಮೊದಲು ಲಂಡನ್ನಿನ ಧಾಟಿಯಲ್ಲಿ ಗಂಭೀರವಾಗಿ 'ಹೆಲ್ಪ್' ಎಂದಿದ್ದರು. ಆಮೇಲೆ ಆಸ್ಟ್ರೇಲಿಯಾದ ಧಾಟಿ. ಆಮೇಲೆ, ಮಾನ ಬಿಟ್ಟು, ಅಮೆರಿಕದ್ದೂ ಆಯಿತು. ಎಲ್ಲ ಮುಗಿದ ಮೇಲೆ ಸಣ್ಣ ಮಗುವಿನಂತೆ ಅವರದೇ ದನಿ: "ಅಮ್ಮಾ... ಬಾಗಿಲು ತೆಗಿಯಮ್ಮಾ..."

ದಫೇದಾರರು ಮೀಸೆ ತಿರುವುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ನೆಲ ನೋಡುತ್ತ ನಿಂತರು.

ಇನ್ಸ್‌ಪೆಕ್ಟರ್ ಮಹಡಿ ಹತ್ತಿದರು. ಮೇಷ್ಟ್ರ ತಾಯಿ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು.

"ಅಜ್ಜಿ, ನಿಮ್ಮ ಮಗ ಮಾತ್ರೆ ಸರಿಯಾಗಿ ತಗೋತಾರಾ?"

"ಎಲ್ಲಿ ತಗೋತಾನೆ? ಕಣ್ಣೆದುರಿಗೆ ಇಟ್ರೆ ಉಂಟು, ಇಲ್ಲದಿದ್ರೆ ಇಲ್ಲ."

"ಇವತ್ತು?"

"ಇಟ್ಟಿದ್ನಲ್ಲಮ್ಮ, ಒಳಗೆ..." ಅಜ್ಜಿ ನಾಲಿಗೆ ಕಚ್ಚಿಕೊಂಡರು.

"ಮೆಟ್ಟಿಲು ಹೇಗೆ ಇಳಿದ್ರಿ?"

"ಕೂತು ಕೂತು," ಅಂದರು ಅಜ್ಜಿ, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು. "ಇನ್ನೇನು ಮಾಡ್ಲಿ ತಾಯಿ? ಎರಡು ಸಲವೂ ಪಕ್ಕದಲ್ಲೇ ಕೂತು, ಹಾಗಲ್ಲ ಹೀಗೆ ಅಂತ ಬಾಯಿ ಸೊಟ್ಟಗೆ ಮಾಡಿ ತೋರಿಸ್ತಿದ್ದ. ಅವನ ಮುಖ ನೋಡಿನೋಡೇ ಹುಡುಗಿಗೆ ಗಂಟಲು ಕಟ್ಟಿಹೋಯ್ತು. ಇದೊಂದು ಸಲ ಅವಳ ಪಾಡಿಗೆ ಮಾತಾಡ್ಲಿ ಅಂತ ಚಿಲಕ ಹಾಕಿ ಅಲ್ಲೇ ಕೂತೆ."

"ಅವರು ನಿಮ್ಮನ್ನೇ ಕೂಗಿದ್ರು ಅಜ್ಜಿ."

ಅಜ್ಜಿಯ ಕೈ ನಿಂತಿತು. "ಅಯ್ಯೋ! ನಂಗೆ ಕೇಳಿಸ್ಲೇ ಇಲ್ಲವಲ್ಲಮ್ಮ. ಕೇಳಿಸಿದ್ರೆ ತೆಗೆದೇ ಬಿಡ್ತಿದ್ದೆ."

ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಒಳಗೆ ಬಂದು ತಾಯಿಯ ಪಕ್ಕ ಕೂತರು. "ಕಾಲೇಜಲ್ಲಿ ನಾನು ಎದ್ದು ಬಾಯಿ ಬಿಟ್ರೆ ಕ್ಲಾಸೆಲ್ಲ ನಗೋದಮ್ಮ. ಅವಳಿಗೆ ಹಾಗಾಗಬಾರದು ಅಂತ."

ಎಫ್‌ಐಆರ್ ಆದ ಮೇಲೆ ಕಾನೂನು ಕಾನೂನೇ. ನಾಲ್ಕೂವರೆಗೆ ಅಜ್ಜಿಯ ದಸ್ತಗಿರಿ ಆಯಿತು. ಅವರು ಹೊಸ ಚಪ್ಪಲಿ ಮೆಟ್ಟಿ, ಜೀಪಿನ ಮುಂದಿನ ಸೀಟೇ ಬೇಕೆಂದು ಹಟ ಹಿಡಿದು ಠಾಣೆಗೆ ಬಂದರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ. ಜಾಮೀನಿಗೆ ಯಾರೆಂದು ಕೇಳಿದಾಗ ಎದ್ದು ನಿಂತವರು ದೂರುದಾರರೇ.

ಅವರು ಸಹಿ ಹಾಕುತ್ತಿರುವಾಗಲೇ ಮಗಳು ಏದುಸಿರು ಬಿಡುತ್ತ ಓಡಿಬಂದಳು. "ಅಪ್ಪಾ, ಕೆಲಸ ಸಿಕ್ತು! ಈಗ ಫೋನ್ ಬಂತು!"

"ನಿಜವಾಗ್ಲೂ? ಏನು ಕೇಳಿದ್ರು?"

"ಹಡಗಿನ ಕ್ಯಾಪ್ಟನ್‌ಗಳ ಮಾತು ಕೇಳಿಸಿ, ಏನಂದ್ರು ಹೇಳು ಅಂದ್ರು. ಸ್ಕಾಟ್ಲೆಂಡಿನೋನು, ಆಸ್ಟ್ರೇಲಿಯಾದೋನು, ನೈಜೀರಿಯಾದೋನು. ಉಳಿದೋರೆಲ್ಲ ಅಲ್ಲೇ ಎಡವಿದ್ರಂತೆ. ನಂಗೆ ಒಂದೂ ತಪ್ಪಲಿಲ್ಲ. ಚಿಕ್ಕಂದಿನಿಂದ ನೀವು ಗಡ್ಡ ಬೋಳಿಸ್ಕೊಳ್ತಾ ಈ ಧಾಟಿಯಲ್ಲೆಲ್ಲಾ ಮಾತಾಡ್ತಿದ್ರಲ್ಲಪ್ಪ, ಪರಿಚಯದೋರ ದನಿ ಕೇಳಿದ ಹಾಗಿತ್ತು."

"ನೀನು ಹೇಗೆ ಮಾತಾಡಿದೆ?"

"ನನ್ನ ಹಾಗೇ," ಅಂದಳು ಮಗಳು.

ಮೇಷ್ಟ್ರ ಕಣ್ಣು ತುಂಬಿ ಬಂದವು. ಅಜ್ಜಿ ಮೊಮ್ಮಗಳ ಕೈ ಎಳೆದರು. "ಕೆಳಗೆ ಕಾವಲು ಕೂತಿದ್ನಲ್ಲೇ, ನಾನು ಒಂದು ಮಾತೂ ಕೇಳಲಿಲ್ಲ. ಈಗ ಹೇಳು ನೋಡೋಣ."

ಠಾಣೆಯ ನಡುವೆ ನಿಂತು ಹುಡುಗಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಹಡಗನ್ನು ದಡಕ್ಕೆ ಕರೆದಳು. ಅಜ್ಜಿ ಒಂದಕ್ಷರ ತಿಳಿಯದಿದ್ದರೂ ಎಲ್ಲದಕ್ಕೂ ತಲೆಯಾಡಿಸಿದರು. ಲಂಡನ್ ಮೇಷ್ಟ್ರು ತಾಯಿಯ ಪಕ್ಕದಲ್ಲಿ ಕೂತು, ಬಾಯಿ ಬಿಚ್ಚದೆ, ಹಡಗು ದಡ ಸೇರುವವರೆಗೂ ಕೇಳಿದರು.

ಅವರೆಲ್ಲ ಹೋದ ಮೇಲೆ ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: "ಮೊಮ್ಮಗಳು ಒಂದು ಸಲವಾದರೂ ಮಾತು ಪೂರ್ತಿ ಮಾಡಲಿ ಎಂಬುದರ ಹೊರತು ಆರೋಪಿಗೆ ಬೇರೆ ಯಾವ ಉದ್ದೇಶವೂ ಇದ್ದಿರುವುದಿಲ್ಲ."