ನಾಲ್ಕು ಕಣ್ಣಿನ ಸಂತ

ಮೂರನೆಯ ದಿನವೂ ಸಂತ ನಿಕೋಲಾಯ್‌ಗೆ ನಾಲ್ಕು ಕಣ್ಣು ಮೂಡಿದ್ದವು.

ಪಾದ್ರಿಯ ಮನೆಯಲ್ಲಿ ವೋಯ್ಕಿತ್ಸ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. ಚಿತ್ರದಲ್ಲಿ ಕಿಟಕಿ ಸರಿಯಿತ್ತು, ಅದರಾಚೆಯ ಪ್ಲಮ್ ಮರವೂ ಸರಿಯಿತ್ತು. ಗೋಡೆಯ ಮೇಲಿನ ಸಂತ ಮಾತ್ರ ಎರಡಾಗಿದ್ದ.

"ಇದು ಬೇಕಂತಲೇ ಮಾಡಿದ್ದು ಗುರುಗಳೇ. ನಾನು ಫೋಟೋ ತೆಗೆಯೋವಾಗ ಭಾವ ಕಾಲು ಬಡೀತಾರೆ. ಮೂರು ದಿನಾನೂ ಒಳಗಿದ್ದೋರು ನಾವಿಬ್ಬರೇ!"

ಭಾವ ಎಂದರೆ ಗವ್ರಿಲ, ಅವಳ ತೀರಿಹೋದ ಗಂಡನ ಅಣ್ಣ. ಇಜಾ ಕಣಿವೆಯ ಆ ಮರದ ಚರ್ಚನ್ನು ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ತೆರೆದು ಸಂಜೆ ಮುಚ್ಚುವವನು. ಚರ್ಚಿನ ಕ್ಯಾಲೆಂಡರಿಗೆ ಸಂತರ ಫೋಟೋ ಹಾಕುವುದು ಅವನಿಗೆ ಇಷ್ಟವಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಪಾದ್ರಿ ವಿಸಾರಿಯೊನ್ ಮೇಜನ್ನು ತೋರಿಸಿದರು. "ಗವ್ರಿಲ, ಬೀಗದ ಕೈ ಇಲ್ಲಿಡು. ಇದು ನಿಜ ಅಂತಾದ್ರೆ ನಾಳೆಯಿಂದ ಬೇರೆಯವರಿಗೆ ಕೊಡ್ತೀನಿ."

ಗವ್ರಿಲ ಇಟ್ಟ. "ನಾನು ಕಾಲು ಬಡಿದಿಲ್ಲ," ಎಂದಷ್ಟೇ ಹೇಳಿದ. ಬೀಗದ ಕೈ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತೋಚಿದಂತೆ ಕಾಣಲಿಲ್ಲ.

ಇದೆಲ್ಲ ನಮ್ಮೆದುರೇ ನಡೆಯಿತು. ಪಾದ್ರಿ ಆ ಬೆಳಿಗ್ಗೆ ವಲೇರ್ ಟಿವದಾರನನ್ನು ಕರೆಸಿದ್ದರು. ವಲೇರ್ ಮೂವತ್ತು ವರ್ಷ ನಮ್ಮ ಪತ್ರಿಕೆಯ ಛಾಯಾಗ್ರಾಹಕನಾಗಿದ್ದವನು. ವರದಿಗಾರನಾದ ನಾನು ಅವನಿಗೆ ಜೊತೆ.

ವೋಯ್ಕಿತ್ಸ ಅಂಚೆ ಹಂಚುತ್ತಿದ್ದವಳು. ನಿವೃತ್ತಿಯಾದ ಮೇಲೆ, ಕಳೆದ ಚಳಿಗಾಲದಲ್ಲಿ, ಎಚ್‌ಡಿಆರ್ ಕಲಿತಿದ್ದಳು. ಕತ್ತಲೆಯ ಗೋಡೆ, ಕಣ್ಣು ಕುಕ್ಕುವ ಕಿಟಕಿ — ಎರಡೂ ಒಂದೇ ಚಿತ್ರದಲ್ಲಿ ಸಿಗಬೇಕಾದರೆ ಒಂದೇ ನೋಟವನ್ನು ಮಬ್ಬಾಗಿ, ಹದವಾಗಿ, ಬೆಳ್ಳಗೆ ಮೂರು ಸಲ ತೆಗೆದು ಕಂಪ್ಯೂಟರಿನಲ್ಲಿ ಬೆಸೆಯಬೇಕು. ಮಬ್ಬು ಚಿತ್ರದಿಂದ ಕಿಟಕಿ ಸಿಗುತ್ತದೆ, ಬೆಳ್ಳನೆಯದರಿಂದ ಸಂತರು.

ವಲೇರ್ ನೋಟ್‌ಬುಕ್ ತೆರೆದ. "ಫೋಕಸ್ ಪ್ರತಿ ಸಲ ತಾನಾಗೇ ಹುಡುಕ್ತಿತ್ತಾ?"

"ಇಲ್ಲ. ಒಂದು ಸಲ ಹಿಡಿದು ಲಾಕ್ ಮಾಡಿದ್ದೆ."

"ಲೆನ್ಸಿನಲ್ಲಿ ಕೈನಡುಕ ತಡೆಯೋ ಬಟನ್ ಇರುತ್ತಲ್ಲ?"

"ಟ್ರೈಪಾಡ್ ಮೇಲೆ ಕೂತಾಗ ಅದು ಆಫ್. ನನಗೂ ಅಷ್ಟು ತಿಳಿಯುತ್ತೆ ವಲೇರಣ್ಣ."

"ಟ್ರೈಪಾಡಿನ ತಿರುಪು?"

"ಅಂಚೆ ಚೀಲ ಹೊತ್ತ ಕೈ ಇದು. ಬಿಚ್ಚಿ ನೋಡಿ!"

ಅವಳು ಜೊತೆಗೆ ತಂದಿದ್ದ ಟ್ರೈಪಾಡಿನ ತಿರುಪನ್ನು ವಲೇರ್ ಬಿಚ್ಚಲು ನೋಡಿದ. ಆಗಲಿಲ್ಲ. ಬೇಸರದಲ್ಲಿದ್ದ ಗವ್ರಿಲ ಕೂಡ ಮೀಸೆಯಡಿ ನಕ್ಕ.

"ಬಟನ್ ಒತ್ತಿದ ಮೇಲೆ?"

"ಹತ್ತು ಸೆಕೆಂಡ್ ಎಣಿಸಿ, ಮೂರನ್ನೂ ಅದೇ ತೆಗೆಯುತ್ತೆ. ಮೊದಲೆರಡು ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಬೆಳ್ಳನೇದಕ್ಕೆ ಎಂಟು ಸೆಕೆಂಡ್."

"ಆಗ ನೀವೆಲ್ಲಿ?"

"ಎಲ್ಲಿ ಅಂದ್ರೆ? ನನ್ನ ಜಾಗದಲ್ಲಿ."

ವಲೇರ್ ಬರೆದುಕೊಂಡ. ಮಿಕ್ಕ ನಾವ್ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ.

"ನೀನೆಲ್ಲಿದ್ದೆ ಗವ್ರಿಲ?"

"ಮೇಣದಬತ್ತಿ ಮಾರೋ ಮೇಜಿನ ಹತ್ರ. ಕೂತೇ ಇದ್ದೆ."

"ಸುಳ್ಳು!" ಎಂದಳು ವೋಯ್ಕಿತ್ಸ.

"ನೀನು ನೋಡಿದ್ಯಾ ತಾಯಿ? ನೀನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ದೆ — ಸಂತನಿಗಲ್ಲ, ಕ್ಯಾಮೆರಾಕ್ಕೆ!"

ವಲೇರ್ ಬೆಸೆಯದ ಚಿತ್ರಗಳನ್ನು ಬೇರೆಬೇರೆಯಾಗಿ ತೆರೆಸಿದ. ಮಬ್ಬು ಚಿತ್ರ ಚೊಕ್ಕ. ಹದವಾದದ್ದೂ ಚೊಕ್ಕ. ಬೆಳ್ಳನೆಯದರಲ್ಲಿ ನಾಲ್ಕು ಕಣ್ಣು. ಮೂರು ದಿನವೂ ಹಾಗೆಯೇ.

"ನಡೀರಿ, ಚರ್ಚಿಗೆ," ಎಂದ. "ಒಂದು ಲೋಟ ನೀರು ತನ್ನಿ." ಪಾದ್ರಿ ಮೇಜಿನ ಮೇಲಿದ್ದ ಬೀಗದ ಕೈಯನ್ನು ಜೇಬಿಗಿಳಿಸಿ ಎದ್ದರು.

ವೋಯ್ಕಿತ್ಸ ಟ್ರೈಪಾಡನ್ನು ಒಳಮಂಟಪದಲ್ಲಿ ದಿನಾ ಇಡುತ್ತಿದ್ದಲ್ಲೇ ನಿಲ್ಲಿಸಿದಳು. ವಲೇರ್ ಮಂಡಿಯೂರಿ ನೆಲದ ಹಲಗೆಯೊಂದನ್ನು ಬೆರಳಿನಿಂದ ಸವರುತ್ತ ಬಾಗಿಲವರೆಗೂ ತೆವಳಿದ. ಆಮೇಲೆ ಲೋಟವನ್ನು ಟ್ರೈಪಾಡಿನ ಕಾಲಿನ ಪಕ್ಕ ಇಟ್ಟ.

"ಗವ್ರಿಲ, ನಿನ್ನ ಮೇಜಿನ ಹತ್ರ ಹೋಗಿ ಕಾಲು ಬಡಿ. ಜೋರಾಗಿ."

ಗವ್ರಿಲ ಪಾದ್ರಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಧಡ್! ಧಡ್! ಗೋಡೆಯ ಧೂಳು ಉದುರಿತು. ನೀರು ಅಲುಗಲಿಲ್ಲ.

"ವೋಯ್ಕಿತ್ಸ, ನೀವೀಗ ದಿನಾ ಮಾಡೋ ಹಾಗೇ ಮಾಡಿ."

ಅವಳು ಬಟನ್ ಒತ್ತಿದಳು. ಪೂಜಾವೇದಿಕೆಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಬಾಗಿಲಲ್ಲಿ ತಲೆ ತಗ್ಗಿಸಿ, ಎತ್ತರದ ಹೊಸಿಲು ದಾಟಿ, ಹೊರಕೋಣೆಯಲ್ಲಿ ಕಾಲೂರಿ ನಿಂತಳು.

ಲೋಟದ ನೀರು ನಡುಗಿತು.



"ಕಾಲು ಬಡಿದರೆ ಚಿತ್ರ ಕದಡುತ್ತೆ," ಎಂದ ವಲೇರ್. "ಹೀಗೆ ಸ್ಪಷ್ಟವಾಗಿ ಎರಡಾಗಲ್ಲ. ಎಂಟು ಸೆಕೆಂಡಿನ ನಡುವೆ ಯಾರೋ ಭಾರ ಹಾಕಿ, ಅಲ್ಲೇ ನಿಂತುಬಿಟ್ಟಿದ್ದಾರೆ. ಕ್ಯಾಮೆರಾ ಮೊದಲು ಒಂದು ಕಡೆಯಿಂದ ಸಂತನನ್ನ ನೋಡಿದೆ, ಆಮೇಲೆ ಕೂದಲೆಳೆ ಪಕ್ಕದಿಂದ. ಈ ಹಲಗೆ ಒಂದೇ ಮರದ್ದು, ಹೊಸಿಲ ಕೆಳಗೆ ಜೋಡಣೆ ಇಲ್ಲ. ಆ ತುದಿ ತುಳಿದರೆ ಈ ತುದಿ ಏಳುತ್ತೆ. ಗವ್ರಿಲನ ಮೇಜು ಈ ಹಲಗೆ ಮೇಲಿಲ್ಲ. ಹತ್ತು ಸೆಕೆಂಡ್ ಎಣಿಕೆ, ಎರಡು ಚಿತ್ರ — ಹೊಸಿಲು ದಾಟೋ ಹೊತ್ತಿಗೆ ಸರಿಯಾಗಿ ಮೂರನೇದು ನಡೀತಿರುತ್ತೆ. ಅಪರಾಧಿ ನೀವೇ ವೋಯ್ಕಿತ್ಸ."

"ನಾನಾ?"

"ನನ್ನ ಜಾಗ ಅಂದ್ರಿ. ಈ ಊರ ಚರ್ಚಲ್ಲಿ ಹೆಂಗಸರ ಜಾಗ ಹೊಸಿಲಿನಾಚೆಯ ಹೊರಕೋಣೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಯಾರೂ ಕೇಳಲಿಲ್ಲ. ಕ್ಯಾಮೆರಾ ಪಕ್ಕದಲ್ಲೇ ಅಲುಗದೆ ನಿಂತಿದ್ರೆ ಏನೂ ಆಗ್ತಿರಲಿಲ್ಲ."

"ಅಲ್ಲಿ ನಿಲ್ಲೋದಾ? ನಮ್ಮಮ್ಮ ನಿಂತಿಲ್ಲ, ನಮ್ಮಜ್ಜಿ ನಿಂತಿಲ್ಲ. ನಾನು ಕೆಲಸಕ್ಕೆ ಒಳಗೆ ಹೋದೋಳು, ಮುಗಿದ ತಕ್ಷಣ ಬಂದೆ."

ಪಾದ್ರಿ ನಿಲುವಂಗಿಯ ಜೇಬಿನಿಂದ ಬೀಗದ ಕೈ ತೆಗೆದು ಗವ್ರಿಲನಿಗೆ ಕೊಟ್ಟರು. "ತಪ್ಪಾಯ್ತು ಗವ್ರಿಲ. ನಾನು ಅವಸರಪಟ್ಟೆ."

ವೋಯ್ಕಿತ್ಸ ಹೊಸಿಲಿನಾಚೆಯೇ ನಿಂತಿದ್ದಳು. ಕಿವಿ ಕೆಂಪಾಗಿತ್ತು. "ಭಾವ, ನಾನೂ ಕ್ಷಮೆ ಕೇಳ್ಕೊಳ್ತೀನಿ... ಆದ್ರೆ ಈಗ ಫೋಟೋ ಹೇಗೆ? ಕ್ಯಾಲೆಂಡರ್ ಅಚ್ಚು ಹಾಕೋ ಪ್ರೆಸ್ಸಿನವರು ಮಧ್ಯಾಹ್ನಕ್ಕೆ ಬರ್ತಾರೆ."

ಗವ್ರಿಲ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಎರಡು ಸಲ ಎಳೆದು ನೋಡಿದ, ಆಮೇಲೆ ಟ್ರೈಪಾಡಿನ ಹತ್ತಿರ ಬಂದ.

"ನೀನು ಅಲ್ಲೇ ನಿಂತಿರು, ಕದಲಬೇಡ," ಎಂದ. "ಯಾವ ಬಟನ್ನು ಅಂತ ಹೇಳು. ನಾನು ಒತ್ತುತೀನಿ."