ಮಂಗಳಾಳ ಹಿಡಿ ಉಪ್ಪು

"ಉಪ್ಪಿಟ್ಟು ನಮ್ಮ ಹುಡುಗೀನೇ ಮಾಡಿದ್ದು!"

ಕೊರಟಗೆರೆಯ ಆ ನಡುಮನೆಯಲ್ಲಿ ದೊಡ್ಡತ್ತಿಗೆ ಸರೋಜಮ್ಮ ಹೀಗೆ ಹೇಳಿದ್ದೇ ತಡ, ತಲೆ ತಗ್ಗಿಸಿ ಕೂತಿದ್ದ ಸರ್ವಮಂಗಳಾಳ ಎದೆ ಧಸಕ್ಕೆಂದಿತು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಎಲ್ಲ ಮನೆಯವರೂ ಹೇಳುವ ಮಾತೇ ಅದು. ಯಾರೂ ನಂಬುವುದಿಲ್ಲ, ಯಾರೂ ಎದುರಾಡುವುದೂ ಇಲ್ಲ. ಐವತ್ತೆಂಟನೇ ಇಸವಿಯಲ್ಲಂತೂ ಹುಡುಗಿ ಬಾಯಿ ತೆರೆಯುವ ಮಾತೇ ಇರಲಿಲ್ಲ.

ಎದುರಿಗೆ ಚಾಪೆಯ ಮೇಲೆ ಕೂತಿದ್ದ ವರ, ಬಡವನಹಳ್ಳಿಯ ಹುಣಸೆಹಣ್ಣಿನ ವ್ಯಾಪಾರಿ ಚಂದ್ರಶೇಖರಯ್ಯ. ಒಂದು ತುತ್ತು ಬಾಯಿಗಿಟ್ಟು ಮೆಲ್ಲಗೆ ಹೇಳಿದ.

"ಚೆನ್ನಾಗೈತೆ."

ಆಗ ಅವಳಿಗೆ ಏನಾಯಿತೋ! ಮಾಡದ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅರಗಲಿಲ್ಲ.

"ನಾನು ಮಾಡಿದ್ದಲ್ಲ... ಅತ್ತಿಗೆ ಮಾಡಿದ್ದು. ನಂಗೆ ಒಲೆ ಹಚ್ಚೋಕೂ ಬರಾಕಿಲ್ಲ!"

ಅಣ್ಣ ಸುಮ್ಮಸುಮ್ಮನೆ ಕೆಮ್ಮಿದ. ಸರೋಜಮ್ಮ ಹಿಂದಿನಿಂದ ಸರಿಯಾಗಿ ಚಿವುಟಿದಳು.

ಚಂದ್ರಶೇಖರಯ್ಯ ತಲೆ ಎತ್ತಿದ. ಇಬ್ಬರ ಕಣ್ಣೂ ಕೂಡಿದವು. ಅವನ ತುಟಿಯ ಅಂಚಿನಲ್ಲಿ ಒಂದು ನಗು ಬಂದು, ಹಿರಿಯರಿಗೆ ಹೆದರಿ ಅಲ್ಲೇ ಅಡಗಿತು. ಆಮೇಲೆ ಅವನು ಬಟ್ಟಲಿನಲ್ಲಿದ್ದ ಉಪ್ಪಿಟ್ಟನ್ನು ಒಂದು ಕಾಳೂ ಬಿಡದೆ ತಿಂದ.

'ಮುಗೀತು. ಈ ಸಂಬಂಧ ತಪ್ಪಿಹೋಯ್ತು' ಎಂದುಕೊಂಡಳು ಮಂಗಳಾ.

ಸಂಜೆಯ ಹೊತ್ತಿಗೇ ಒಪ್ಪಿಗೆ ಎಂದು ಹೇಳಿಕಳಿಸಿದ್ದರು!

ಹೀಗೆ ಒಲೆ ಹಚ್ಚಲು ಬಾರದ ಹುಡುಗಿ ಬಡವನಹಳ್ಳಿಯ ಅಡುಗೆಮನೆಗೆ ಕಾಲಿಟ್ಟಳು. ಅತ್ತೆ ಶಿವರುದ್ರಮ್ಮ ಒಳ್ಳೆಯವರೇ, ಮಾತು ಮಾತ್ರ ಸ್ವಲ್ಪ ಖಾರ. ಕಾಲು ಊದಿಕೊಳ್ಳುತ್ತಿದ್ದುದರಿಂದ ಮಧುಗಿರಿಯ ಡಾಕ್ಟರು ಅವರಿಗೆ ಉಪ್ಪು ಮುಟ್ಟಲೇಬಾರದು ಎಂದಿದ್ದರು. ಹಾಗಾಗಿ ಸಾರು ಕುದಿದ ಮೇಲೆ ಮೊದಲು ಅತ್ತೆಯ ಪಾಲು ತೆಗೆದಿಟ್ಟು, ಆಮೇಲೆ ಉಪ್ಪು ಹಾಕಬೇಕು.

ಆ ಮನೆಯಲ್ಲಿ ಇನ್ನೂ ಒಂದು ಕಟ್ಟುನಿಟ್ಟಿತ್ತು. ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ! ಗಂಡಸರ ಲಿಂಗಪೂಜೆಯಾಗಿ, ಎಡೆ ತೋರಿಸಿ, ಅವರು ಉಂಡು ಎದ್ದ ಮೇಲೆಯೇ ಸಾರು ಹೇಗಿದೆ ಎಂದು ಮಾಡಿದವಳಿಗೆ ಗೊತ್ತಾಗುವುದು.

"ಅತ್ತೇ, ಬಾಯಿಗೆ ಹಾಕ್ದೆ ಉಪ್ಪು ಹೆಂಗೆ ಗೊತ್ತಾಯ್ತದೆ?"

"ಮೂಗು ಯಾತಕ್ಕೈತೆ? ಉಪ್ಪು ಬಿದ್ದ ಸಾರಿನ ವಾಸ್ನೇನೇ ಬೇರೆ ಕಣವ್ವಾ. ಅದು ಮೂಗಿಗೆ ತಿಳಿಯೋಗಂಟ ಒಂದು ಹಿಡಿ ಲೆಕ್ಕ ಇಟ್ಕೋ. ಈ ಗಡಿಗೆಗೆ ಒಂದು ಹಿಡಿ ಕಲ್ಲುಪ್ಪು. ನಾನು ಮದುವೆಯಾಗಿ ಬಂದಾಗ್ನಿಂದ ಅದೇ ಲೆಕ್ಕ."

ಮೊದಮೊದಲು ಮುದ್ದೆಯೊಳಗೆ ಗಂಟುಗಳ ಸಂತೆಯೇ ಇರುತ್ತಿತ್ತು. ಎಸರಿಗೆ ಹಿಟ್ಟು ಸುರಿದ ಕೂಡಲೇ ಕೋಲು ಹಾಕಿ ತಿರುವಬಾರದು, ಹಿಟ್ಟು ಬೇಯುವ ತನಕ ಕೈ ಕಟ್ಟಿಕೊಂಡು ಕೂರಬೇಕು ಎಂಬುದು ಅವಳಿಗೆ ತಿಳಿಯಲು ಎಷ್ಟೋ ಗಂಟುಮುದ್ದೆಗಳು ಎಮ್ಮೆಯ ಬಾನಿ ಸೇರಬೇಕಾಯಿತು. ಸುಮ್ಮನೆ ಕೂರುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಆದರೆ ಅವನು? ಗಂಟು ಮುದ್ದೆಗೂ "ಚೆನ್ನಾಗೈತೆ." ನುಣುಪು ಮುದ್ದೆಗೂ "ಚೆನ್ನಾಗೈತೆ." ಹುರುಳಿಸಾರು ತಳ ಹಿಡಿದರೂ, ಹುಚ್ಚೆಳ್ಳಿನ ಚಟ್ನಿ ಕಹಿಯಾದರೂ ಅದೇ ಮಾತು. ಸಾರು ಸ್ವಲ್ಪ ಸಪ್ಪೆ ಎನ್ನಿಸಿದಾಗಲೂ ಆ ಮಾತು ಕೇಳಿ, ಈ ಮನೆಯ ರುಚಿಯೇ ಹೀಗೆ ಎಂದುಕೊಂಡಳು ಅವಳು.

ಪ್ರತಿದಿನ ಅದೇ ಹಳೆಯ ಹಿತ್ತಾಳೆ ತಟ್ಟೆಯಲ್ಲೇ ಅವನ ಊಟ. ಅದರ ಒಂದು ಅಂಚು ನೆಗ್ಗಿ ಹೋಗಿತ್ತು. ಬೇರೆ ತಟ್ಟೆ ಇಟ್ಟರೆ, "ಅದೇ ಇರ್ಲಿ ಬುಡು" ಎನ್ನುತ್ತಿದ್ದ.

ಅವನ ಆ ಒಂದು ಮಾತಿಗಾಗಿ ಅವಳು ಬಾಗಿಲ ಮರೆಯಲ್ಲಿ ಕಾದು ನಿಲ್ಲುತ್ತಿದ್ದಳು. ಆ ಮಾತು ಕೇಳಿದ ಮೇಲೆ ದಿನವೆಲ್ಲ ಹಾಡಿಕೊಂಡು ತಿರುಗುತ್ತಿದ್ದಳು. ಪಾಪ, ಹುಡುಗಿ!

ಒಂದು ದಿನ ಅತ್ತೆಯ ಪಾಲು ತೆಗೆದಿಡುವಾಗ ಎಮ್ಮೆ ಹಗ್ಗ ಬಿಚ್ಚಿಕೊಂಡಿತು. ಓಡಿಹೋಗಿ ಕಟ್ಟಿ ಬಂದಳು. ಬಡಿಸಿದಳು. ಅವನು ಎರಡು ಮುದ್ದೆ ಉಂಡು, "ಚೆನ್ನಾಗೈತೆ" ಎಂದು ಎದ್ದ.

ಆಮೇಲೆ ತಾನು ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಳು...

ಉಪ್ಪೇ ಇಲ್ಲ! ಒಂದು ಕಲ್ಲೂ ಬಿದ್ದಿಲ್ಲ!

'ಇದಕ್ಕೂ ಚೆನ್ನಾಗೈತೆ ಅಂದ್ರಾ? ಹಾಗಾದ್ರೆ ಇಷ್ಟು ದಿನ ಹೇಳಿದ್ದೆಲ್ಲ...?'

'ಛೆ, ಅವರ ನಾಲಿಗೆಗೇ ರುಚಿ ಗೊತ್ತಾಗಲ್ವೇನೋ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ.

ಹುಣಸೆಹಣ್ಣು ಕೊಳ್ಳಲು ಶಿರಾದಿಂದ ಗಂಡನ ಗೆಳೆಯ ಇನಾಯತುಲ್ಲಾ ಬಂದಿದ್ದ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ, ಬಾಗಿಲ ಬಳಿ ನಿಂತಿದ್ದ ಅವಳಿಗೆ ನಗುನಗುತ್ತಾ ಹೇಳಿದ.

"ತಂಗೀ, ನಿನ್ನ ಗಂಡನ ಜೊತೆ ಹೋಟ್ಲಿಗೆ ಹೋಗೋದು ಬಹಳ್ ಮುಷ್ಕಿಲ್! ಮೊನ್ನೆ ಮಧುಗಿರೀಲಿ ಸಾಂಬಾರಿಗೆ ಉಪ್ಪು ಸಾಲ್ದು ಅಂತ ಬಟ್ಲನ್ನೇ ವಾಪಸ್ ಕಳ್ಸಿಬುಟ್ಟ. ಮೂಸಿ ನೋಡೇ ಹೇಳ್ತಾನೆ! ಅಂಥಾ ನಾಲ್ಗೆ ನಮ್ಮ ಶಿರಾದಾಗೂ ಇಲ್ಲ, ಅಲ್ಲಾ ಕಸಮ್!"

ಮಂಗಳಾ ನಗಲಿಲ್ಲ.

ಹೋಟೆಲಿನವನಿಗೆ ನಿಜ. ಹೆಂಡತಿಗೆ ಸುಳ್ಳು! ಊಟ ಹೇಗಿದ್ದರೂ ಚೆನ್ನಾಗಿದೆ ಎಂದು ಹೇಳಿ ಎದ್ದುಹೋಗುವವರು ಯಾರು? ನೆಂಟರು! ಹಾಗಾದರೆ ಇಷ್ಟು ದಿನವಾದರೂ ತಾನು ಅವನಿಗೆ ಹೊರಗಿನವಳೇ?

ಮರುದಿನ ಅವಳು ಲಿಂಗಕ್ಕೆ ಮನಸ್ಸಿನಲ್ಲೇ ತಪ್ಪಾಯ್ತು ಎಂದು ಕೈಮುಗಿದು, ಸಾರಿಗೆ ಹಿಡಿಯ ಮೇಲೆ ಹಿಡಿ ಉಪ್ಪು ಸುರಿದಳು.

ಅವನು ಉಂಡ. ಚೊಂಬು ನೀರು ಖಾಲಿ ಮಾಡಿದ. ಇನ್ನೊಂದು ಚೊಂಬು ಕೇಳಿದ. ಕಣ್ಣಲ್ಲಿ ನೀರು ತುಂಬಿಕೊಂಡೇ, "ಚೆ... ಚೆನ್ನಾಗೈತೆ" ಎಂದ.

"ಸುಳ್ಳು!" ಬಾಗಿಲ ಮರೆಯಿಂದ ಈಚೆ ಬಂದಳು ಮಂಗಳಾ. "ನಾನೇನು ಈ ಮನೆಗೆ ನೆಂಟ್ಳಾ? ಹೋಟ್ಲಿನವನ ಮುಂದೆ ಹೇಳೋ ನಿಜ ನನ್ನ ಮುಂದೆ ಯಾಕೆ ಹೇಳಲ್ಲ? ನಾನು ಕಲೀಬೇಕು ಅಂತಾನೂ ನಿಮಗೆ ಆಸೆ ಇಲ್ವಾ?"

ಅವನ ಮುಖ ಬಿಳಿಚಿಕೊಂಡಿತು. ಎದ್ದು ಕೈತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹುಣಸೆಹಣ್ಣಿನ ಮಂಡಿಯ ಕಡೆ ನಡೆದುಬಿಟ್ಟ.

ಅಷ್ಟೇ! ಜಗಳವಾದರೂ ಆಡಬಾರದಿತ್ತೇ?

'ನಾಳೆ ಬೆಳಿಗ್ಗೆ ಬಸ್ಸಿಗೆ ಕೊರಟಗೆರೆಗೆ ಹೋಗ್ತೀನಿ' ಎಂದು ಸೀರೆ ಮಡಚುತ್ತಾ ಅತ್ತಳು. ಗೋಡೆ ಹಿಡಿದುಕೊಂಡು ಶಿವರುದ್ರಮ್ಮ ಬಂದು ಪಕ್ಕದಲ್ಲಿ ಕೂತರು. ಅವರ ಕೈಯಲ್ಲಿ ಆ ನೆಗ್ಗಿದ ತಟ್ಟೆ ಇತ್ತು.

"ಇದು ಹೆಂಗೆ ನೆಗ್ಗಿದ್ದು ಗೊತ್ತಾ ಮಗಾ?"

ಮಂಗಳಾ ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

"ತೀರ್ಕೊಂಡ ನಿಮ್ಮ ಮಾವ ಎಸ್ದಿದ್ದು. ಊರಿಗೆಲ್ಲ ಒಳ್ಳೇ ಮನುಷ್ಯ ಕಣವ್ವಾ. ಆದ್ರೆ ಉಪ್ಪು ಒಂದು ಕಲ್ಲು ಹೆಚ್ಚುಕಮ್ಮಿ ಆದ್ರೆ ತಟ್ಟೆ ಗೋಡೆಗೇ! ಉಪ್ಪು ಅಂತ ಬಾಯಿ ತೆಗೆದ್ರೆ ಸಾಕು, ನಾನು ನಡುಗ್ತಿದ್ದೆ. ಚಂದ್ರ ಆಗ ಚಿಕ್ಕೋನು. ಒಂದಿನ ಆ ತಟ್ಟೆ ಎತ್ಕೊಂಡು ಬಂದು, ಚೆಲ್ಲಿದ್ದ ಅನ್ನಾನೆಲ್ಲ ಬಳಿದು ಬಾಯಿಗೆ ಹಾಕ್ಕೊಂಡು, 'ಚೆನ್ನಾಗೈತೆ ಅವ್ವಾ' ಅಂದ. ಅವತ್ತಿಂದ ಅಷ್ಟೇ. ಮನೆ ಊಟಕ್ಕೆ ಅವನ ಬಾಯಲ್ಲಿ ಬೇರೆ ಮಾತು ಬಂದಿಲ್ಲ."

ಮಂಗಳಾಳ ಕೈಯಲ್ಲಿದ್ದ ಸೀರೆ ಜಾರಿತು.

'ಅಯ್ಯೋ, ನನ್ನ ಶಿವನೇ! ಅವರು ನನ್ನ ದೂರ ಇಟ್ಟಿರಲಿಲ್ಲ. ನಾನು ನಡುಗಬಾರದು ಅಂತ ಸುಮ್ಮನಿದ್ದರು... ಉಪ್ಪಿಲ್ಲದ್ದನ್ನೂ ಉಂಡರು, ಉಪ್ಪು ಸುರಿದಿದ್ದನ್ನೂ ಉಂಡರು!'

"ಅವನಿಗೆ ಆ ಮಾತು ಹೇಳೋಕೆ ಬರಾಕಿಲ್ಲ ಮಗಾ. ನಿಂಗೆ ಒಲೆ ಹಚ್ಚೋಕೆ ಬತ್ತಿರ್ಲಿಲ್ವಲ್ಲ, ಅಂಗೇ. ನೀನು ಕಲ್ತೆ. ಅವನಿಗೂ ಯಾರಾದ್ರೂ ಕಲಿಸ್ಬೇಕು."

ಮರುದಿನ ಕೊರಟಗೆರೆ ಬಸ್ಸು ಅವಳಿಲ್ಲದೆಯೇ ಹೋಯಿತು.

ಅವಳು ಎಂದಿನಂತೆ ಅವರೆಕಾಳಿನ ಸಾರು ಮಾಡಿದಳು. ಅತ್ತೆಯ ಪಾಲು ತೆಗೆದಿಟ್ಟು, ಒಂದು ಹಿಡಿ ಕಲ್ಲುಪ್ಪು ಹಾಕಿದಳು. ಗಡಿಗೆಯ ಮೇಲೆ ಬಗ್ಗಿ ಕಣ್ಣುಮುಚ್ಚಿ ಮೂಸಿದಳು. ಏನೋ ಸಾಲದು ಅನ್ನಿಸಿತು. ಇನ್ನಷ್ಟು ಹಾಕಲು ಕೈ ಮುಂದೆ ಹೋಯಿತು. ಬೇಡ! ಇವತ್ತು ಅವರೇ ಹೇಳಲಿ.

ಚಂದ್ರಶೇಖರಯ್ಯ ಪೂಜೆ ಮುಗಿಸಿ ಬಂದು ಕೂತವನು ಮುಂದೆ ನೋಡಿ ತಬ್ಬಿಬ್ಬಾದ. ತಟ್ಟೆಯಿಲ್ಲ. ಮುತ್ತುಗದ ಎಲೆ ಹಾಸಿದೆ.

"ತಟ್ಟೆ ಎಲ್ಲಿ?"

"ಅಟ್ಟದ ಮೇಲೆ." ಅವಳು ಮುದ್ದೆ ಇಟ್ಟು ಸಾರು ಬಿಟ್ಟಳು. ಎಂದೂ ಇಲ್ಲದೆ ಅವನ ಎದುರಿಗೇ ಕೂತಳು. "ಅತ್ತೆ ಎಲ್ಲಾ ಹೇಳಿದ್ರು. ಇದು ಎಲೆ ಕಣ್ರೀ. ಎಸೆದ್ರೂ ಸದ್ದಾಗಲ್ಲ, ನೆಗ್ಗೋದೂ ಇಲ್ಲ. ಈಗ ಉಂಡು ನಿಜ ಹೇಳಿ."

ಅವನು ಎಡೆ ತೋರಿಸಿ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಅವನ ಹಣೆಯ ಮೇಲೆ ಬೆವರು ಮೂಡಿತು. ಸಂತೆಯಲ್ಲಿ ಗಂಟಲು ಹರಿಯುವಂತೆ ಬೆಲೆ ಕೂಗುವವನಿಗೆ ಈ ಒಂದು ಮಾತು ಹೊರಡುತ್ತಿಲ್ಲ!

"ಚೆ..." ಎಂದ. ನಿಲ್ಲಿಸಿದ.

ಅವಳು ಕಾದಳು. ಹಿಟ್ಟು ಬೇಯುವ ತನಕ ಸುಮ್ಮನೆ ಕೂರುವುದನ್ನು ಕಲಿತವಳಲ್ಲವೇ?

"ಉಪ್ಪು..." ಅವನ ದನಿ ನಡುಗಿತು. "ಉಪ್ಪು ವಸಿ ಕಮ್ಮಿ ಐತೆ."

ಮಂಗಳಾ ಕಿಲಕಿಲನೆ ನಕ್ಕುಬಿಟ್ಟಳು! ನಗುತ್ತಲೇ ಕಣ್ಣಲ್ಲಿ ನೀರು ಬಂತು. ಮದುವೆಯಾದಾಗಿನಿಂದ ಅವನು ಆಡಿದ ಮಾತುಗಳಲ್ಲಿ ಇಷ್ಟು ಸಿಹಿಯಾದ ಮಾತು ಇನ್ನೊಂದಿರಲಿಲ್ಲ.

"ನೋಡಿ, ನಡುಗಿದ್ನಾ ನಾನು?"

"ಇಲ್ಲ... ನಗ್ತಾ ಇದೀಯ." ಅವನು ನಂಬಲಾರದವನಂತೆ ಅವಳನ್ನೇ ನೋಡಿದ. "ಅವತ್ತು ಅಷ್ಟು ಜನರ ಮುಂದೆ ನೀನು ನಿಜ ಹೇಳ್ದೆ. ಈ ಹುಡುಗಿ ಮುಂದೆ ನಾನೂ ಹೆದರ್ದೆ ಮಾತಾಡ್ಬೋದು ಅಂತಾನೇ ಒಪ್ಕೊಂಡೆ. ಆದ್ರೆ ಊಟಕ್ಕೆ ಕೂತ್ರೆ ಗಂಟಲೇ ಕಟ್ಟಿಬುಡ್ತಿತ್ತು... ನಂಗೆ ನಿನ್ನ ಕಂಡ್ರೆ ಪ್ರಾಣ ಕಣೇ. ಅದನ್ನೂ ಹೇಳೋಕೆ ಬರ್ಲಿಲ್ಲ."

ಅವನು ಎಡಗೈ ಚಾಚಿದ.

"ಎಲ್ಲಿ, ಕೈ ಕೊಡು."

ಅವಳ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡ. ಅವನ ಬೆರಳುಗಳ ಅರ್ಧಕ್ಕೂ ಅದು ಬರಲಿಲ್ಲ.

"ಮದುವೆ ದಿನ ನಿನ್ನ ಅಳತೆ ಬಳೆ ಹುಡುಕಿ ಬಳೆಗಾರನಿಗೇ ಸಾಕಾಗೋಗಿತ್ತು. ನಾನು ಆಗ್ಲೇ ನೋಡಿದ್ದೆ. ಅವ್ವನ ಕೈ ದೊಡ್ಡದು. ಅವಳ ಒಂದು ಹಿಡಿ ನಿಂಗೆ ಒಂದೂವರೆ ಹಿಡಿ. ತಪ್ಪು ನಿಂದಲ್ಲ, ಲೆಕ್ಕದ್ದು."

"ಅಯ್ಯೋ ನಿನ್ನ! ಇಷ್ಟು ದಿನ ಬಾಯಲ್ಲೇನು ಅವರೆಕಾಳು ಇಟ್ಕೊಂಡಿದ್ಯಾ?" ಒಳಮನೆಯಿಂದ ಶಿವರುದ್ರಮ್ಮನ ದನಿ ಬಂತು. "ಮೊದ್ಲೇ ಹೇಳಿದ್ರೆ ನನ್ನ ಸೊಸೆಗೆ ಇಷ್ಟು ಕಷ್ಟ ಇರ್ತಿತ್ತೇನ್ಲಾ?"

ಇಬ್ಬರೂ ನಕ್ಕರು. ಆದರೆ ಅವನು ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಅವಳಿಗೆ ಆ ಅಡುಗೆಮನೆ, ಆ ಒಲೆ, ಆ ಉಪ್ಪಿನ ಮರಿಗೆ ಎಲ್ಲವೂ ಇವತ್ತು ತನ್ನವು ಅನ್ನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಏನೋ ನೆನಪಾಗಿ ಅವಳು ಕಣ್ಣರಳಿಸಿದಳು.

"ರೀ... ಅವತ್ತು ನಮ್ಮತ್ತಿಗೆ ಮಾಡಿದ ಉಪ್ಪಿಟ್ಟು? ಚೆನ್ನಾಗೈತೆ ಅಂದ್ರಲ್ಲ? ನಿಜ ಹೇಳಿ, ಹೆಂಗಿತ್ತು?"

"ಅದಾ? ಬರೀ ಉಪ್ಪು ಕಣೇ!"

"ಹಾಂ! ಮತ್ತೆ ಒಂದು ಕಾಳೂ ಬಿಡ್ದೆ ತಿಂದ್ರಿ?"

"ತಿಂದು ಮುಗಿಸಿದ್ರೆ ಎದ್ದು ಹೋಗ್ಬೇಕಲ್ಲ. ಅದಕ್ಕೇ ಒಂದೊಂದೇ ಕಾಳು ತಿಂತಾ ನಿನ್ನ ನೋಡ್ಕೊಂಡು ಕೂತಿದ್ದೆ."

ಅವಳ ಮುಖ ಕೆಂಪೇರಿತು. ಸೆರಗಿನಲ್ಲಿ ನಗು ಮುಚ್ಚಿಕೊಂಡು ಸೌಟು ಎತ್ತಿಕೊಂಡಳು. ಇಷ್ಟು ದಿನ 'ಇವಳೇ' ಎನ್ನುತ್ತಿದ್ದವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

"ಇನ್ನೊಂದು ಮುದ್ದೆ ಇಕ್ಕು, ಮಂಗಳಾ... ಹಂಗೇ ಆ ಉಪ್ಪೂ ವಸಿ ತತ್ತಾ."